ಪಾದ್ರಿಯಿಲ್ಲದ ಸಭೆಗೆ ಬೇಸಿಗೆಯೇ ಸುಗ್ಗಿ

ಪುಣೆಯಂಥ ನಗರದ ಸಣ್ಣ ಬ್ರೆದರನ್ ಸಭೆಗಳಲ್ಲಿ ಡಿಸೆಂಬರ್‌ಗಿಂತ ಮೇ ತಿಂಗಳ ಗಡಿಬಿಡಿಯೇ ಹೆಚ್ಚು. ಕಾರಣ ಹುಡುಕುತ್ತ ಹೋದರೆ ಇನ್ನೂರು ವರ್ಷ ಹಿಂದಿನ ಒಬ್ಬ ಹಲ್ಲಿನ ವೈದ್ಯ ಸಿಗುತ್ತಾನೆ.

ಕ್ರೈಸ್ತರ ಹೆಚ್ಚಿನ ಸಭೆಗಳಿಗೆ ತಮ್ಮದೇ ಒಂದು ಪಂಚಾಂಗವಿದೆ. ಕ್ರಿಸ್‌ಮಸ್‌ಗೆ ಮುನ್ನ ಆಗಮನ ಕಾಲ, ಈಸ್ಟರ್‌ಗೆ ಮುನ್ನ ನಲವತ್ತು ದಿನದ ತಪಸ್ಸುಕಾಲ, ಗರಿಗಳ ಭಾನುವಾರ, ಶುಭ ಶುಕ್ರವಾರ, ಬೆಳೆ ಮನೆಗೆ ಬಂದಾಗ ಸುಗ್ಗಿಯ ಹಬ್ಬ. ಕಾಲಕ್ಕೆ ತಕ್ಕಂತೆ ಪಾದ್ರಿಗಳು ಹೊದೆಯುವ ಪಟ್ಟಿಯ ಬಣ್ಣ ಬದಲಾಗುತ್ತದೆ, ಅಂದು ಓದುವ ಪಾಠ ಬದಲಾಗುತ್ತದೆ. ಬ್ರೆದರನ್ ಸಭೆಗೆ ಹೋದರೆ ಇದಾವುದೂ ಕಾಣುವುದಿಲ್ಲ. ಅಲ್ಲಿ ನಿಲುವಂಗಿ ಇಲ್ಲ, ಅದನ್ನು ತೊಡುವ ಪಾದ್ರಿ ಇಲ್ಲ, ಬಲಿಪೀಠ ಇಲ್ಲ, ಮೇಣದ ಬತ್ತಿಯೂ ಇಲ್ಲ. ಹಳೆಯ ಕಟ್ಟು ಬಿಡದ ಸಭೆಗಳಲ್ಲಿ ಕ್ರಿಸ್‌ಮಸ್‌ಗೂ ವಿಶೇಷ ಆರಾಧನೆ ಇರುವುದಿಲ್ಲ; ಮನೆಯಲ್ಲಿ ಕೇಕು ಕೊಯ್ದರೆ ಅದು ಆ ಮನೆಯವರ ಸಂತೋಷ. ವರ್ಷದ ಎಲ್ಲ ಭಾನುವಾರಕ್ಕೂ ಒಂದೇ ಕ್ರಮ: ಒಂದು ರೊಟ್ಟಿ, ಒಂದು ಬಟ್ಟಲು, ಸುತ್ತ ಕುಳಿತ ಜನ.

ಹಬ್ಬಗಳನ್ನೇ ಬದಿಗಿಟ್ಟ ಇಂಥ ಸಭೆಯೂ ವರ್ಷಕ್ಕೊಮ್ಮೆ ಮೈಕೊಡವಿ ಏಳುತ್ತದೆ. ಶಾಲೆಗಳಿಗೆ ರಜೆ ಬಿದ್ದಾಗ. ಪುಣೆಯಲ್ಲಿ ಏಪ್ರಿಲ್ ಕೊನೆಗೆ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಮಹಾರಾಷ್ಟ್ರದ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಸಾಮಾನ್ಯವಾಗಿ ಜೂನ್ ನಡುವಿಗೆ, ಅಂದರೆ ಕರ್ನಾಟಕದ ಮಕ್ಕಳು ಆಗಲೇ ಹೊಸ ಪುಸ್ತಕಕ್ಕೆ ರಟ್ಟು ಹಾಕಿ ಮುಗಿಸಿದ ಮೇಲೆ. ನಡುವಿನ ಈ ವಾರಗಳಲ್ಲಿ ಮಕ್ಕಳಿಗೆ ಸತ್ಯವೇದ (ಬೈಬಲ್) ಕಲಿಸುವ ರಜಾ ಶಾಲೆಯಾದ ವಿಬಿಎಸ್, ಯುವಕರ ಶಿಬಿರ, ದೀಕ್ಷಾಸ್ನಾನ, ಮದುವೆ, ಹೊರೂರಿನ ಬೋಧಕರ ಭೇಟಿ, ಊರಿಗೆ ಹೋಗಿಬರುವ ಓಡಾಟ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಮೇಲುನೋಟಕ್ಕೆ ಇದು ಬಿಡುವಿನ ಉಪಯೋಗ ಅಷ್ಟೇ ಅನ್ನಿಸಬಹುದು. ಸ್ವಲ್ಪ ಒಳಗೆ ಹೋಗಿ ನೋಡಿದರೆ ಬೇರೆ ಲೆಕ್ಕ ಕಾಣುತ್ತದೆ. ಸಂಬಳದ ಪಾದ್ರಿ ಇಲ್ಲದ ಸಭೆ ಉಳಿಯಬೇಕಾದರೆ ಪ್ರತಿ ತಲೆಮಾರಿನಲ್ಲೂ ಕೆಲಸ ಬಲ್ಲ ಕೈಗಳು ತಯಾರಾಗಬೇಕು. ಆ ತಯಾರಿಯ ಕಾಲವೇ ಬೇಸಿಗೆ.

ಹೆಸರು ಒಂದೇ, ಮನೆಗಳು ಬೇರೆ

‘ಬ್ರೆದರನ್’ ಎಂಬ ಹೆಸರು ಹೊತ್ತವರು ಭಾರತದಲ್ಲಿ ಒಬ್ಬಿಬ್ಬರಲ್ಲ. 1708ರಲ್ಲಿ ಜರ್ಮನಿಯ ಶ್ವಾರ್ಜೆನೌ ಹಳ್ಳಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ‘ಚರ್ಚ್ ಆಫ್ ದ ಬ್ರೆದರನ್’ 19ನೆಯ ಶತಮಾನದ ಕೊನೆಗೆ ಗುಜರಾತಿನ ವಲಸಾಡಕ್ಕೆ ಬಂತು; ಅದರ ದೊಡ್ಡ ಪಾಲು 1970ರಲ್ಲಿ ಉತ್ತರ ಭಾರತ ಸಭೆಯೊಳಗೆ ಸೇರಿತು. ರಾಯಚೂರಿನ ಗಡಿಯಾಚೆ ಮಹಬೂಬ್‌ನಗರದ ಕಡೆ ಹರಡಿರುವ ಮೆನೊನೈಟ್ ಬ್ರೆದರನ್ ಇನ್ನೊಂದು ಮನೆ. ಅದರ ಬೇರು 1860ರ ರಷ್ಯಾದಲ್ಲಿದೆ. ಮೂರನೆಯದು ಇಲ್ಲಿ ಹೇಳುತ್ತಿರುವ ಬ್ರೆದರನ್. ಇಂಗ್ಲೆಂಡಿನ ಪ್ಲಿಮತ್ ಪಟ್ಟಣದಲ್ಲಿ 1831ರ ಸುಮಾರಿಗೆ ದೊಡ್ಡ ಸಭೆ ಕೂಡಿದ್ದರಿಂದ ಹೊರಗಿನವರು ಇವರನ್ನು ‘ಪ್ಲಿಮತ್ ಬ್ರೆದರನ್’ ಎಂದರು. ಅವರು ತಮ್ಮನ್ನು ಕರೆದುಕೊಳ್ಳುವುದು ಬರೀ ‘ಸಭೆ’ ಎಂದು. ಕೂಡುವ ಜಾಗಕ್ಕೆ ‘ಗಾಸ್ಪೆಲ್ ಹಾಲ್’ ಎಂದು.

ಶುರುವಾದದ್ದು ಡಬ್ಲಿನ್‌ನಲ್ಲಿ, 1820ರ ದಶಕದ ಕೊನೆಗೆ. ಬೇರೆ ಬೇರೆ ಚರ್ಚುಗಳ ಕೆಲವರು ಒಂದು ಪ್ರಶ್ನೆ ಎತ್ತಿದರು: ಕ್ರಿಸ್ತನನ್ನು ನಂಬಿದವರು ಒಟ್ಟಿಗೆ ಕುಳಿತು ರೊಟ್ಟಿ ಮುರಿಯಲು ಅಭಿಷಿಕ್ತ ಪಾದ್ರಿಯೇ ಯಾಕೆ ಬೇಕು? ಆ ಗುಂಪಿನಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಐರಿಷ್ ಪಾದ್ರಿಯಿದ್ದರು, ವಕೀಲರಿದ್ದರು, ವೈದ್ಯಕೀಯ ಕಲಿತವರಿದ್ದರು. ಎಕ್ಸೆಟರ್ ಪಟ್ಟಣದಲ್ಲಿ ಹಲ್ಲಿನ ವೈದ್ಯನಾಗಿ ಚೆನ್ನಾಗಿ ಸಂಪಾದಿಸುತ್ತಿದ್ದ ಆಂಥನಿ ನಾರಿಸ್ ಗ್ರೋವ್ಸ್ ಕೂಡ ಇದ್ದರು. ಗಳಿಸಿದ್ದನ್ನು ಕೂಡಿಡದೆ ಕೊಟ್ಟುಬಿಡಬೇಕು ಎಂದು ಗ್ರೋವ್ಸ್ 1825ರಲ್ಲೇ ಒಂದು ಪುಸ್ತಿಕೆ ಬರೆದರು. ಬರೆದಂತೆ ನಡೆದರು. ವೃತ್ತಿ ಬಿಟ್ಟು, ಯಾವ ಮಿಷನ್ ಸಂಸ್ಥೆಯ ಸಂಬಳವನ್ನೂ ಒಪ್ಪದೆ, ಹೆಂಡತಿ ಮಕ್ಕಳೊಡನೆ ಬಾಗ್ದಾದಿಗೆ ಹೊರಟರು. ಅಲ್ಲಿ 1831ರ ಪ್ಲೇಗು ಹೆಂಡತಿಯನ್ನು ಕೊಂಡೊಯ್ದಿತು. 1833ರಲ್ಲಿ ಅವರು ಮುಂಬಯಿಗೆ ಬಂದಿಳಿದರು.

ಭಾರತದ ಮಿಷನರಿ ಬದುಕು ಗ್ರೋವ್ಸ್‌ಗೆ ಹಿಡಿಸಲಿಲ್ಲ. ಬಂಗಲೆಯಲ್ಲಿ ದೊರೆ, ಅಂಗಳದಲ್ಲಿ ಸಂಬಳ ಕಾಯುವ ದೇಶೀ ಉಪದೇಶಿ ಎಂಬ ಏರ್ಪಾಡಿನಲ್ಲಿ ಸಭೆ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ ಎಂದು ಅವರು ವಾದಿಸಿದರು. ಭಾರತೀಯ ವಿಶ್ವಾಸಿಗಳು ಯಾರ ಅಪ್ಪಣೆಗೂ ಕಾಯದೆ ತಾವೇ ದೀಕ್ಷಾಸ್ನಾನ ಕೊಡಲಿ, ತಾವೇ ರೊಟ್ಟಿ ಮುರಿಯಲಿ ಎಂದರು. 1837ರಿಂದ ಚಿತ್ತೂರಿನಲ್ಲಿ ನೆಲೆಸಿ, ಯಾರ ಹಂಗೂ ಇಲ್ಲದೆ ಬದುಕಲು ಬೇಸಾಯಕ್ಕೂ ರೇಷ್ಮೆ ಸಾಕಣೆಗೂ ಕೈಹಾಕಿ ಸಾಲದಲ್ಲಿ ಸಿಕ್ಕಿಕೊಂಡರು. ರೇಷ್ಮೆ ಕೈಕೊಟ್ಟರೂ ಮಾತು ಮೊಳೆಯಿತು. ಅವರ ಬಳಿ ಕಲಿತ ತಮಿಳಿನ ಜಾನ್ ಕ್ರಿಶ್ಚಿಯನ್ ಅರುಳಪ್ಪನ್ 1840ರಲ್ಲಿ ಕ್ರಿಶ್ಚಿಯನ್‌ಪೇಟೆ ಎಂಬ ಹಳ್ಳಿಯನ್ನೇ ಕಟ್ಟಿ, ಸಂಬಳವಿಲ್ಲದ ಉಪದೇಶಿಗಳ ಬಳಗ ಬೆಳೆಸಿದರು. ಗ್ರೋವ್ಸ್ ಜೊತೆ 1836ರಲ್ಲಿ ಬಂದ ವಿಲಿಯಂ ಬೌಡನ್ ಮತ್ತು ಜಾರ್ಜ್ ಬಿಯರ್ ಗೋದಾವರಿ ಮುಖಜ ಭೂಮಿಯ ತೆಲುಗರ ನಡುವೆ ನೆಲೆ ನಿಂತರು.

ಕೇರಳದಲ್ಲಿ ಈ ಮಾತು ಹೆಚ್ಚು ಆಳಕ್ಕೆ ಇಳಿಯಿತು. ಬಾಸೆಲ್ ಮಿಷನ್ ಮೂಲಕ 1893ರಲ್ಲಿ ಮಲಬಾರಿಗೆ ಬಂದ ಜರ್ಮನಿಯ ಫೋಲ್‌ಬ್ರೆಕ್ಟ್ ನಾಗೆಲ್ ಕೆಲವೇ ವರ್ಷಗಳಲ್ಲಿ ಆ ಮಿಷನ್ ಬಿಟ್ಟು ಬ್ರೆದರನ್ ಸೇರಿದರು. ಮಲಯಾಳದಲ್ಲಿ ಅವರು ಕಟ್ಟಿದ ಹಾಡುಗಳು ಇಂದಿಗೂ ಎಲ್ಲ ಪಂಗಡದವರ ಬಾಯಲ್ಲಿವೆ. ಬೆಂಗಳೂರಿನವರಿಗೆ ಈ ಬಳಗದ ಪರಿಚಯ ಬೇರೆ ಹೆಸರಿನಲ್ಲಿದೆ. ರಿಚರ್ಡ್ಸ್ ಟೌನಿನ ಕ್ಲಾರೆನ್ಸ್ ಹೈಸ್ಕೂಲನ್ನು 1914ರಲ್ಲಿ ಕಟ್ಟಿದವರು ಬ್ರೆದರನ್ ಮಿಷನರಿಗಳಾದ ಆಲ್‌ಫ್ರೆಡ್ ಮತ್ತು ವಾಲ್ಟರ್ ರೆಡ್‌ವುಡ್ ಸಹೋದರರು.

ಯಾರು ಏಳುತ್ತಾರೋ ಅವರೇ

ಭಾನುವಾರ ಬೆಳಗ್ಗೆ ‘ರೊಟ್ಟಿ ಮುರಿಯುವ ಕೂಟ’. ಕುರ್ಚಿಗಳ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸದ ಬಟ್ಟಲು. ಕಾರ್ಯಕ್ರಮದ ಚೀಟಿ ಇರುವುದಿಲ್ಲ, ನಿರೂಪಕ ಇರುವುದಿಲ್ಲ. ಮೌನ. ಆಮೇಲೆ ಯಾರೋ ಒಬ್ಬ ಸಹೋದರ ಕುಳಿತಲ್ಲಿಂದಲೇ ಹಾಡಿನ ಸಂಖ್ಯೆ ಹೇಳುತ್ತಾನೆ, ಎಲ್ಲರೂ ಹಾಡುತ್ತಾರೆ. ಮತ್ತೆ ಮೌನ. ಇನ್ನೊಬ್ಬ ಎದ್ದು ಪ್ರಾರ್ಥಿಸುತ್ತಾನೆ, ಮತ್ತೊಬ್ಬ ಸತ್ಯವೇದದ ಒಂದು ಭಾಗ ಓದಿ ನಾಲ್ಕು ಮಾತು ಹೇಳುತ್ತಾನೆ. ಬ್ಯಾಂಕಿನ ಗುಮಾಸ್ತನೋ, ಕಾರ್ಖಾನೆಯ ಫಿಟ್ಟರೋ, ಸಾಫ್ಟ್‌ವೇರ್ ಹುಡುಗನೋ, ಯಾರಾದರೂ ಆಗಬಹುದು. ರೊಟ್ಟಿ ಮುರಿದು ಕೈಯಿಂದ ಕೈಗೆ ದಾಟಿಸುತ್ತಾರೆ. ದೀಕ್ಷಾಸ್ನಾನವಾಗಿ ಸಭೆಯ ಅನ್ಯೋನ್ಯತೆಗೆ ಸೇರಿದವರು ಮಾತ್ರ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಉಳಿದವರು, ಮಕ್ಕಳು, ಹೊಸಬರು ಹಿಂದೆ ಕುಳಿತು ನೋಡುತ್ತಾರೆ.

ಮೇಲ್ವಿಚಾರಣೆಗೆ ಒಬ್ಬರಿಗಿಂತ ಹೆಚ್ಚು ‘ಹಿರಿಯರು’ ಇರಬೇಕು, ಒಬ್ಬನೇ ಯಜಮಾನ ಕೂಡದು ಎಂಬುದು ಕಟ್ಟಳೆ. ಇವರ ಮೇಲೆ ಬಿಷಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ. ಪ್ರತಿ ಸಭೆಯೂ ಸ್ವತಂತ್ರ. ಕಾಣಿಕೆ ಸಭೆಯವರಿಂದ ಮಾತ್ರ. ಬಂದ ಅತಿಥಿಯ ಮುಂದೆ ಚೀಲ ಹಿಡಿಯುವುದಿಲ್ಲ. ಪೂರ್ಣಾವಧಿ ಸೇವೆಗೆ ಹೊರಟವರಿಗೂ ನಿಗದಿತ ಸಂಬಳವಿಲ್ಲ. ಗ್ರೋವ್ಸ್ ತಂಗಿಯನ್ನು ಮದುವೆಯಾಗಿದ್ದ ಜಾರ್ಜ್ ಮುಲ್ಲರ್ ಬ್ರಿಸ್ಟಲ್‌ನಲ್ಲಿ ಯಾರನ್ನೂ ಹಣ ಕೇಳದೆ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಕತೆ ಈ ಸಭೆಗಳಲ್ಲಿ ಮಕ್ಕಳಿಗೂ ಗೊತ್ತು.

ಕೇಳಲು ಸೊಗಸಾಗಿದೆ. ನಡೆಸಲು ಕಷ್ಟ. ಪಾದ್ರಿ ಇರುವ ಚರ್ಚಿನಲ್ಲಿ ರೋಗಿಯನ್ನು ನೋಡಲು, ಮಕ್ಕಳಿಗೆ ಕಲಿಸಲು, ಮುರಿದ ಸಂಬಂಧ ಬೆಸೆಯಲು, ಶವಸಂಸ್ಕಾರ ನಡೆಸಲು ಒಬ್ಬರಿದ್ದಾರೆ. ಇಲ್ಲಿ ಅದೆಲ್ಲ ಕೆಲಸಕ್ಕೆ ಹೋಗಿ ದಣಿದು ಬಂದ ಜನರ ಪಾಲಿಗೆ ಬರುತ್ತದೆ. ಹತ್ತು ಹದಿನೈದು ಕುಟುಂಬದ ಸಭೆಯಲ್ಲಿ ಇಬ್ಬರು ವರ್ಗಾವಣೆಯಾಗಿ ಹೋದರೂ ಕೊರತೆ ಎದ್ದು ಕಾಣುತ್ತದೆ.

ಬಂದು ಸೇರಿದವರ ಊರು

ವರ್ಗಾವಣೆ ಪುಣೆಗೆ ಹೊಸದಲ್ಲ. 1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದ ಮೇಲೆ ಕ್ಯಾಂಪ್ ಮತ್ತು ಖಡಕಿಯಲ್ಲಿ ದಂಡು ಪ್ರದೇಶಗಳು ಬೆಳೆದವು. ದಂಡಿನ ಹಿಂದೆಯೇ ತಮಿಳರು, ತೆಲುಗರು, ಗೋವನ್ನರು ಬಂದರು. 1869ರಲ್ಲಿ ಖಡಕಿಯ ಮದ್ದುಗುಂಡು ಕಾರ್ಖಾನೆ, 1954ರಲ್ಲಿ ಪಿಂಪ್ರಿಯ ಹಿಂದೂಸ್ಥಾನ್ ಆ್ಯಂಟಿಬಯೋಟಿಕ್ಸ್, ಆಮೇಲೆ ಚಿಂಚವಾಡ, ಆಕುರ್ಡಿಯ ವಾಹನ ಕಾರ್ಖಾನೆಗಳು ಮಲಯಾಳಿ ನರ್ಸು, ಸ್ಟೆನೊ, ತಂತ್ರಜ್ಞರನ್ನು ಕರೆತಂದವು. ಕೊನೆಗೆ ಹಿಂಜವಡಿಯ ಐಟಿ ಕಟ್ಟಡಗಳು. ಬೀದರ್, ಕಲಬುರಗಿ, ಬೆಳಗಾವಿ, ವಿಜಯಪುರದ ಕನ್ನಡಿಗರಿಗಂತೂ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆಗಳು ಬೆಳೆದದ್ದು ಇಂಥ ವಲಸೆಯ ಬಲದಿಂದಲೇ.

2011ರ ಜನಗಣತಿ ಪ್ರಕಾರ ಮಹಾರಾಷ್ಟ್ರದಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಅದರೊಳಗೂ ಬ್ರೆದರನ್ ಒಂದು ಸಣ್ಣ ತುಣುಕು. ಹಾಗಾಗಿ ಇಂಥ ಸಭೆಗಳಲ್ಲಿ ಭಾಷೆಯ ಬಿಗುಮಾನ ನಡೆಯುವುದಿಲ್ಲ. ಮಲಯಾಳದ ಹಾಡಿನ ಹಿಂದೆಯೇ ಹಿಂದಿ ಹಾಡು ಬರಬಹುದು. ಮರಾಠಿ ಹಾಡು ಎತ್ತಿಕೊಂಡರೆ ಅದು ಅಭಂಗದ ಧಾಟಿಯನ್ನು ಕ್ರೈಸ್ತ ಭಕ್ತಿಗೆ ತಂದ ಕವಿ ನಾರಾಯಣ ವಾಮನ ಟಿಳಕರದ್ದೂ ಆಗಿರಬಹುದು. ಕನ್ನಡದ ಅಜ್ಜಿಯೊಬ್ಬಳು ತನ್ನ ಸತ್ಯವೇದ ಬಿಚ್ಚಿ, ಹಿಂದಿಯಲ್ಲಿ ನಡೆದ ಬೋಧನೆಯ ವಚನವನ್ನು ಕನ್ನಡದಲ್ಲಿ ಹಿಂಬಾಲಿಸುವುದೂ ಇಂಥಲ್ಲಿ ಸಹಜ.

ಊರು ಬದಲಿಸುವವರಿಗಾಗಿ ಬ್ರೆದರನ್ ಬಳಿ ಒಂದು ಹಳೆಯ ಏರ್ಪಾಡಿದೆ, ಶಿಫಾರಸು ಪತ್ರ. ತಿರುವಲ್ಲದಿಂದಲೋ ಬೆಂಗಳೂರಿನಿಂದಲೋ ಪುಣೆಗೆ ಬರುವವರ ಕೈಗೆ ಅಲ್ಲಿನ ಹಿರಿಯರು ನಾಲ್ಕು ಸಾಲು ಬರೆದು ಕೊಡುತ್ತಾರೆ: ಈ ಸಹೋದರಿ ನಮ್ಮ ಅನ್ಯೋನ್ಯತೆಯಲ್ಲಿದ್ದವಳು, ನಿಮ್ಮ ನಡುವೆ ಸ್ವೀಕರಿಸಿರಿ. ಅದನ್ನು ಭಾನುವಾರ ಎಲ್ಲರೆದುರು ಓದುತ್ತಾರೆ. ಸತ್ಯವೇದದಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ಫೊಯಿಬೆ ಎಂಬ ಹೆಂಗಸನ್ನು ಹೀಗೆಯೇ ಪರಿಚಯಿಸುತ್ತಾನೆ. ಪದ್ಧತಿಗೆ ಅದೇ ಆಧಾರ. ಸದಸ್ಯತ್ವದ ದೊಡ್ಡ ದಫ್ತರ ಇಟ್ಟುಕೊಳ್ಳದ ಬಳಗಕ್ಕೆ ಈ ಕಾಗದವೇ ಗುರುತಿನ ಚೀಟಿ. ಬಾಡಿಗೆ ಮನೆ ಎಲ್ಲಿ ಸಿಗುತ್ತದೆ, ಮಗುವಿಗೆ ಯಾವ ಶಾಲೆ, ಯಾವ ಡಾಕ್ಟರು ಎಂಬುದೆಲ್ಲ ಆ ಕಾಗದದ ಬೆನ್ನಿಗೇ ಸಿಗುತ್ತದೆ.

ಮೇ ತಿಂಗಳು ಬಂತೆಂದರೆ ಈ ವಲಸೆಯ ಗಡಿಯಾರ ಹಿಂದಕ್ಕೆ ತಿರುಗುತ್ತದೆ. ಕಲಬುರಗಿ, ರಾಯಚೂರು ದಾಟಿ ದಕ್ಷಿಣಕ್ಕಿಳಿಯುವ ಪುಣೆ–ಕನ್ಯಾಕುಮಾರಿ ರೈಲಿಗೆ ಟಿಕೆಟು ಬಹಳ ಮೊದಲೇ ಮುಗಿದಿರುತ್ತದೆ. ಊರಿಗೆ ಹೋಗುವವರು, ಊರಿಂದ ಮೊಮ್ಮಕ್ಕಳನ್ನು ನೋಡಲು ಬರುವ ಅಜ್ಜ ಅಜ್ಜಿ, ಹಾಸ್ಟೆಲ್ಲಿಂದ ಮರಳುವ ಮಕ್ಕಳು. ಒಂದು ಭಾನುವಾರ ಅರ್ಧ ಕುರ್ಚಿ ಖಾಲಿ, ಮುಂದಿನ ಭಾನುವಾರ ನಿಲ್ಲಲೂ ಜಾಗವಿಲ್ಲ. ವಿಬಿಎಸ್ ದಿನಾಂಕ ಗೊತ್ತು ಮಾಡುವುದು ಈ ಲೆಕ್ಕಾಚಾರದ ನಡುವೆ: ಪರೀಕ್ಷೆ ಮುಗಿದಿರಬೇಕು, ಜನ ಇನ್ನೂ ಊರಿಗೆ ಹೊರಟಿರಬಾರದು.

ಹಾಲು–ಬಿಸ್ಕತ್ತಿನ ವಿಶ್ವವಿದ್ಯಾಲಯ

ವಿಬಿಎಸ್ ಎಂದರೆ ವೆಕೇಷನ್ ಬೈಬಲ್ ಸ್ಕೂಲ್, ರಜೆಯ ಸತ್ಯವೇದ ಶಾಲೆ. ಇದು ಬ್ರೆದರನ್ ಕಂಡುಹಿಡಿದದ್ದಲ್ಲ. 1898ರಲ್ಲಿ ನ್ಯೂಯಾರ್ಕಿನ ಬ್ಯಾಪ್ಟಿಸ್ಟ್ ಚರ್ಚಿನ ಎಲೈಜಾ ಹಾಸ್ ಎಂಬ ಹೆಂಗಸು ಬೇಸಿಗೆಯಲ್ಲಿ ಬೀದಿಪಾಲಾಗುತ್ತಿದ್ದ ವಲಸಿಗರ ಮಕ್ಕಳನ್ನು ಕೂಡಿಸಲು ಒಂದು ಬಿಯರ್ ಹಾಲನ್ನು ಬಾಡಿಗೆಗೆ ಹಿಡಿದು ಹಾಡು, ಕತೆ, ಕೈಕೆಲಸ ಶುರುಮಾಡಿದರು. 1901ರಿಂದ ರಾಬರ್ಟ್ ಬೋವಿಲ್ ಎಂಬವರು ಅದನ್ನು ನಗರದ ಉದ್ದಗಲಕ್ಕೂ ಹಬ್ಬಿಸಿದರು. ಮುಂದೆ ಅದು ಮಿಷನರಿಗಳ ಪೆಟ್ಟಿಗೆಯೊಳಗೆ ಏಷ್ಯಾಕ್ಕೂ ಬಂತು. ಭಾರತದಲ್ಲಿ ಈಗ ಮೆಥಡಿಸ್ಟರಿಂದ ಮಾರ್ತೋಮದವರವರೆಗೆ ಎಲ್ಲರೂ ನಡೆಸುತ್ತಾರೆ. ಹುಟ್ಟಿದ್ದೇ ವಲಸಿಗರ ಮಕ್ಕಳಿಗಾಗಿ ಎನ್ನುವುದರಿಂದ ಪುಣೆಗೆ ಅದು ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪಾದ್ರಿಯೂ ಸಂಬಳದ ಶಿಕ್ಷಕರೂ ಇಲ್ಲದ ಕಡೆ ತಯಾರಿ ಮಾರ್ಚ್‌ನಲ್ಲೇ ಶುರುವಾಗುತ್ತದೆ. ಆ ವರ್ಷದ ವಿಷಯ, ಪಾಠದ ಪುಸ್ತಕ, ಹಾಡಿನ ಪಟ್ಟಿ ಬರುತ್ತವೆ. ಶಿಕ್ಷಕರ ತರಬೇತಿ ಎಂದರೆ ಕೆಲಸ ಮುಗಿಸಿ ಬಂದವರು ರಾತ್ರಿ ಯಾರದೋ ಮನೆಯ ಪಡಸಾಲೆಯಲ್ಲಿ ಕೂತು ಒಬ್ಬರಿಗೊಬ್ಬರು ಕತೆ ಹೇಳಿ ತೋರಿಸುವುದು. ಥರ್ಮೋಕೋಲ್ ಕೊರೆಯುವವರು, ಬಣ್ಣದ ಕಾಗದ ಕತ್ತರಿಸುವವರು, ಅಕ್ಕಪಕ್ಕದ ಮನೆಗಳಿಗೆ ಚೀಟಿ ಹಂಚುವವರು ಬೇರೆ ಬೇರೆ. ಬಿಸಿಲೇರುವ ಮುನ್ನ ಮುಗಿಸಬೇಕಾದ್ದರಿಂದ ತರಗತಿ ಬೆಳಗ್ಗೆಯೇ. ಐದು ದಿನದಿಂದ ಹತ್ತು ದಿನದವರೆಗೆ ನಡೆಯುತ್ತದೆ.

ಮೊದಲು ಎಲ್ಲರೂ ಸೇರಿ ಕೈಕಾಲು ಆಡಿಸುತ್ತ ಹಾಡುವ ಆ್ಯಕ್ಷನ್ ಸಾಂಗ್. ಆಮೇಲೆ ವಯಸ್ಸಿಗೆ ತಕ್ಕಂತೆ ಗುಂಪು. ಚಿಕ್ಕವರಿಗೆ ಫ್ಲಾನೆಲ್ ಬೋರ್ಡಿನ ಮೇಲೆ ಚಿತ್ರ ಅಂಟಿಸಿ ನೋಹನ ಕತೆ, ದಾವೀದನ ಕತೆ. ದೊಡ್ಡವರಿಗೆ ಪುಸ್ತಕ ತುಂಬಿಸುವ ಪಾಠ. ದಿನಕ್ಕೊಂದು ಕಂಠಪಾಠ ವಚನ. ನಡುವೆ ರಸ್ನಾ ಇಲ್ಲವೇ ಹಾಲು, ಬಿಸ್ಕತ್ತು; ಕೆಲವೊಮ್ಮೆ ಪುಣೆಯ ಮನೆಮನೆಯ ಅವಲಕ್ಕಿ, ಅವರ ಮಾತಿನಲ್ಲಿ ಪೋಹೆ. ಅಂಗಳವಿದ್ದರೆ ಲಗೋರಿ, ಖೋ ಖೋ. ಕೊನೆಯ ದಿನ ತಂದೆತಾಯಿಯರ ಎದುರು ನಾಟಕ, ಹಾಡು, ಬಹುಮಾನ. ವಚನ ತಪ್ಪದೆ ಒಪ್ಪಿಸಿದವರಿಗೆ ಸಿಗುವ ಪೆನ್ಸಿಲ್ ಡಬ್ಬಿಯ ಬೆಲೆ ಅಂಗಡಿಯವನಿಗೆ ತಿಳಿಯುವಂಥದ್ದಲ್ಲ.

ಬರುವ ಮಕ್ಕಳೆಲ್ಲ ಸಭೆಯವರೇ ಆಗಿರುವುದಿಲ್ಲ. ಸಣ್ಣ ಸಭೆಯಲ್ಲಿ ಮಕ್ಕಳೇ ಎಷ್ಟಿದ್ದಾರು? ವಠಾರದ, ಪಕ್ಕದ ಸೊಸೈಟಿಯ ಮಕ್ಕಳೂ ಗೆಳೆಯರ ಕೈಹಿಡಿದು ಬರುತ್ತಾರೆ. ತಂದೆತಾಯಿಗೆ ರಜೆಯಲ್ಲಿ ಮಗು ಬೆಳಗಿನ ಹೊತ್ತು ಒಂದು ಕಡೆ ಸುಮ್ಮನಿರುತ್ತದೆ ಎಂಬ ನೆಮ್ಮದಿ. ಆದರೆ ಮತಾಂತರದ ಮಾತು ಬಿಸಿಯಾಗಿರುವ ಕಾಲದಲ್ಲಿ ಇದು ಎಚ್ಚರ ಬೇಡುವ ಜಾಗ. ಮಕ್ಕಳ ಮನಸ್ಸಿನ ಮೇಲೆ ಬೇರೆ ಧರ್ಮದ ಪ್ರಭಾವವಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವೂ ಅಲ್ಲ, ಸರಿಯೂ ಅಲ್ಲ. ಏಕೆಂದರೆ ನಂಬಿಕೆ ಹಂಚಿಕೊಳ್ಳುವುದು ಕರ್ತವ್ಯ ಎಂದು ಬ್ರೆದರನ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ವಿವೇಕ ಉಳ್ಳವರು ಏನು ಕಲಿಸುತ್ತೇವೆ ಎಂದು ಮೊದಲೇ ತಿಳಿಸಿ, ತಂದೆತಾಯಿಯ ಸಹಿ ಪಡೆದೇ ಮಗುವನ್ನು ಸೇರಿಸಿಕೊಳ್ಳುತ್ತಾರೆ. ಈ ಪಂಥದ ಒಳಗಿನ ಒಂದು ನಿಯಮವೂ ಇಲ್ಲಿ ನೆನಪಿಡತಕ್ಕದ್ದು: ಇವರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಸಭೆಯಲ್ಲೇ ಹುಟ್ಟಿದ ಮಗುವೂ ಬೆಳೆದು, ತಾನೇ ತಿಳಿದು, ತಾನೇ ಕೇಳಬೇಕು.

ವಿಬಿಎಸ್ ನಿಜವಾಗಿ ಕಲಿಸುವುದು ಮಕ್ಕಳಿಗಿಂತ ಹೆಚ್ಚಾಗಿ ಕಲಿಸುವವರಿಗೆ. ಹತ್ತನೆಯ ತರಗತಿ ಮುಗಿಸಿದ ಹುಡುಗನಿಗೆ ಮೊದಲ ಬಾರಿಗೆ ಒಂದು ಗುಂಪು ಒಪ್ಪಿಸುತ್ತಾರೆ. ಎದುರಿಗೆ ಆರು ವರ್ಷದ ಇಪ್ಪತ್ತು ಮಕ್ಕಳು. ಬೇಸರವಾದರೆ ಮುಲಾಜಿಲ್ಲದೆ ಎದ್ದು ಓಡುವವರು. ಅವರ ಮುಂದೆ ಕತೆ ಹೇಳಿ ಗೆದ್ದವನಿಗೆ ದೊಡ್ಡವರ ಮುಂದೆ ನಿಲ್ಲುವ ಧೈರ್ಯ ತಾನಾಗಿ ಬರುತ್ತದೆ. ಇನ್ನೊಬ್ಬ ಲೆಕ್ಕ ಬರೆಯುತ್ತಾನೆ, ಮತ್ತೊಬ್ಬ ಗಿಟಾರು ಹಿಡಿಯುತ್ತಾನೆ, ಮಗದೊಬ್ಬ ನೀರಿನ ಕ್ಯಾನು ಹೊರುತ್ತಾನೆ. ಸೆಮಿನರಿ ಮೆಟ್ಟಿಲು ಹತ್ತದ ಜನರ ಸಭೆಗೆ ಮುಂದಿನ ಬೋಧಕ, ಮುಂದಿನ ಹಿರಿಯ ಸಿಗುವುದು ಈ ಸಾಲಿನಲ್ಲೇ.

ಭಾನುವಾರದ ಮೌನ, ಸೋಮವಾರದ ಮಾತು

ಒಂದು ವಿರೋಧಾಭಾಸವನ್ನು ಇಲ್ಲಿ ಮರೆಮಾಚಲಾಗದು. ರೊಟ್ಟಿ ಮುರಿಯುವ ಕೂಟದಲ್ಲಿ ಹೆಂಗಸರು ತಲೆಯ ಮೇಲೆ ಸೆರಗು ಅಥವಾ ದುಪಟ್ಟಾ ಹೊದ್ದು ಕೂರುತ್ತಾರೆ. ಹಾಡಿನಲ್ಲಿ ದನಿಗೂಡಿಸುತ್ತಾರೆ, ಆದರೆ ಎದ್ದು ಪ್ರಾರ್ಥಿಸುವುದಿಲ್ಲ, ಬೋಧಿಸುವುದಿಲ್ಲ. ಕೊರಿಂಥದವರಿಗೆ ಪೌಲ ಬರೆದ ಪತ್ರದ ಮಾತನ್ನು ಸಂಪ್ರದಾಯಸ್ಥ ಸಭೆಗಳು ಅಕ್ಷರಶಃ ಪಾಲಿಸುತ್ತವೆ. ‘ಯಾರು ಬೇಕಾದರೂ ಏಳಬಹುದು’ ಎಂಬ ಸ್ವಾತಂತ್ರ್ಯ ಗಂಡಸರಿಗೆ ಮಾತ್ರ. ಮರುದಿನ ವಿಬಿಎಸ್ ಶುರುವಾದರೆ ಕತೆ ಹೇಳುವವರಲ್ಲಿ, ಹಾಡು ಕಲಿಸುವವರಲ್ಲಿ, ಮಕ್ಕಳನ್ನು ಸಂಭಾಳಿಸುವವರಲ್ಲಿ ಹೆಚ್ಚಿನವರು ಅದೇ ಸಹೋದರಿಯರು. ಪುಣೆಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬರುವ ನರ್ಸು, ಶಾಲೆಯ ಟೀಚರು, ಮನೆಯೊಡತಿ. ಮಗುವಾಗಿದ್ದಾಗ ಅವರಿಂದಲೇ ಸತ್ಯವೇದ ಕಲಿತ ಹುಡುಗ ಮುಂದೊಂದು ಭಾನುವಾರ ಎದ್ದು ಬೋಧಿಸಿದಾಗ ಕಲಿಸಿದವಳು ಕೇಳುತ್ತ ಕೂತಿರುತ್ತಾಳೆ.

ಇದನ್ನು ಒಪ್ಪಿಕೊಂಡವರಿದ್ದಾರೆ, ಒಳಗೊಳಗೇ ಪ್ರಶ್ನಿಸುವ ಹೊಸ ತಲೆಮಾರಿನ ಹುಡುಗಿಯರೂ ಇದ್ದಾರೆ. ಪಾದ್ರಿಯ ಪಟ್ಟವನ್ನು ಕಿತ್ತೆಸೆದ ಪಂಥ ಈ ಒಂದು ಗೆರೆಯನ್ನು ಯಾಕೆ ಉಳಿಸಿಕೊಂಡಿತು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆ ಗೆರೆ ಇಲ್ಲದೆಯೂ ನಡೆಯುತ್ತದೆ ಎಂಬುದಕ್ಕೆ ಪುಣೆಯ ಮಣ್ಣಿನಲ್ಲೇ ಒಂದು ಹಳೆಯ ನಿದರ್ಶನವಿದೆ. ಬ್ರೆದರನ್ ಅಲ್ಲದ, ಯಾವ ಪಂಗಡದ ಹಣೆಪಟ್ಟಿಯನ್ನೂ ಒಲ್ಲದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನವನ್ನು ಅವರು ಮರುವರ್ಷವೇ ಪುಣೆಗೆ ತಂದರು. ಬರಗಾಲ ಮತ್ತು ಪ್ಲೇಗಿನ ದಿನಗಳಲ್ಲಿ ಪುಣೆ–ಸೊಲ್ಲಾಪುರ ರೈಲು ದಾರಿಯ ಕೇಡಗಾಂವಿನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಉಳುವುದು, ನೇಯುವುದು, ಅಚ್ಚುಕೂಟ ನಡೆಸುವುದು, ಪ್ರಾರ್ಥನೆ ನಡೆಸುವುದು ಎಲ್ಲವೂ ಹೆಂಗಸರದೇ. ರಮಾಬಾಯಿ ಮಾಡಿದ ಮರಾಠಿ ಸತ್ಯವೇದದ ಅನುವಾದ ಅಲ್ಲಿನ ಹೆಂಗಸರ ಕೈಯಿಂದಲೇ ಅಚ್ಚಾಯಿತು. 1912ರಲ್ಲಿ ಅವರು ಕಲಬುರಗಿಯಲ್ಲೂ ಒಂದು ಶಾಲೆ ತೆರೆದು ಮಗಳು ಮನೋರಮಾಳನ್ನು ಅದರ ಹೊಣೆಗೆ ಕಳಿಸಿದರು.

ಮುಳುಗಲು ನೀರು, ಕೂಡಲು ನೆಪ

ಕೇಡಗಾಂವಿನಿಂದ ಹುಡುಗಿಯರು ದೀಕ್ಷಾಸ್ನಾನಕ್ಕೆ ಭೀಮಾ ನದಿಗೆ ಹೋಗುತ್ತಿದ್ದರು, ಕೆಲವರು ಎತ್ತಿನ ಗಾಡಿಯಲ್ಲಿ, ಉಳಿದವರು ನಡೆದು. ಮುಂದೆ ಕಲಬುರಗಿ, ವಿಜಯಪುರದ ಸೀಮೆಗೆ ಹರಿದು ಬರುವ ಅದೇ ಭೀಮೆ. ಬ್ರೆದರನ್ ಸಭೆಗೂ ಪೂರ್ತಿ ಮುಳುಗಿಸುವ ಸ್ನಾನವೇ ಆಗಬೇಕು, ಹಣೆಗೆ ನೀರು ಚಿಮುಕಿಸಿದರೆ ನಡೆಯದು. ಆದರೆ ಇಂದಿನ ಮುಳಾ–ಮುಠಾ ನದಿಗೆ ಇಳಿಯುವ ಸ್ಥಿತಿ ಇಲ್ಲ. ಸ್ವಂತ ಕಟ್ಟಡ ಇರುವ ಸಭೆಗಳು ವೇದಿಕೆಯ ಹಲಗೆ ಸರಿಸಿದರೆ ತೊಟ್ಟಿ ಸಿಗುವಂತೆ ಕಟ್ಟಿಕೊಂಡಿರುತ್ತವೆ. ಇಲ್ಲದವರು ಬೇರೆ ಸಭೆಯ ತೊಟ್ಟಿ, ತೋಟದ ಕೆರೆ, ಈಜುಕೊಳ ಹುಡುಕುತ್ತಾರೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ದುಡ್ಡು ಕೊಟ್ಟು ತುಂಬಿಸಬೇಕಾದ ತೊಟ್ಟಿಯೂ ಉಂಟು. ಆದರೂ ದೀಕ್ಷಾಸ್ನಾನಕ್ಕೆ ರಜೆಯೇ ಅನುಕೂಲ. ಅಜ್ಜ ಅಜ್ಜಿ ಊರಿಂದ ಬಂದಿರುತ್ತಾರೆ. ನೀರಿಗಿಳಿಯುವ ಮುನ್ನ ಹುಡುಗನೋ ಹುಡುಗಿಯೋ ತನ್ನ ನಂಬಿಕೆಯ ಬಗ್ಗೆ ‘ಸಾಕ್ಷಿ’ ಹೇಳಬೇಕು. ಹೆಣ್ಣುಮಕ್ಕಳ ದನಿ ಸಭೆಯ ಎದುರು ಒಂಟಿಯಾಗಿ ಕೇಳುವ ಅಪರೂಪದ ಸಂದರ್ಭವೂ ಇದೇ.

ಬೇಸಿಗೆಯ ಶಿಬಿರಗಳದ್ದು ಬೇರೆ ಚರಿತ್ರೆ. ಬ್ರಿಟಿಷ್ ಕಾಲದ ಮಿಷನರಿಗಳು ಬಿಸಿಲಿಗೆ ಹೆದರಿ ಕೂನೂರು, ಕೊಡೈಕೆನಾಲ್, ಮಹಾಬಳೇಶ್ವರದ ಗುಡ್ಡ ಹತ್ತುತ್ತಿದ್ದರು. ಹತ್ತಿದವರು ಅಲ್ಲೇ ಸೇರಿ ಸತ್ಯವೇದ ಅಧ್ಯಯನದ ಕೂಟ ನಡೆಸುತ್ತಿದ್ದರು. ದೊರೆಗಳು ಹೋದರೂ ಪದ್ಧತಿ ಉಳಿಯಿತು. ಪುಣೆ, ಮುಂಬಯಿಯ ಬೇರೆ ಬೇರೆ ಸಭೆಗಳ ಯುವಕರು ಲೋಣಾವಳ, ಪಂಚಗನಿಯಂಥ ಕಡೆ ಕೂಡುವ ಮೂರು ನಾಲ್ಕು ದಿನಗಳಲ್ಲಿ ಅಧ್ಯಯನ, ಆಟ, ಚಾರಣ ಎಲ್ಲ ಇರುತ್ತವೆ. ಬಾಯಿಬಿಟ್ಟು ಯಾರೂ ಹೇಳದ ಇನ್ನೊಂದು ಉಪಯೋಗವೂ ಇದೆ. ಇಷ್ಟು ಸಣ್ಣ ಬಳಗದಲ್ಲಿ ವಧೂವರರು ಸಿಗುವುದು ಸುಲಭವಲ್ಲ. ಸಂಬಂಧದ ಮಾತು ಎಷ್ಟೋ ಸಲ ಇಂಥ ಶಿಬಿರದ ಊಟದ ಸಾಲಿನಲ್ಲಿ ಮೊಳೆಯುತ್ತದೆ.

ಮದುವೆಗೆ ಬಂದಾಗ ಪಾದ್ರಿಯಿಲ್ಲದ ಸಭೆ ಕಾನೂನಿನ ಎದುರು ನಿಲ್ಲಬೇಕಾಗುತ್ತದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಅಭಿಷಿಕ್ತ ಪಾದ್ರಿಗಳಲ್ಲದೆ ಸರ್ಕಾರದಿಂದ ಪರವಾನಗಿ ಪಡೆದವರೂ ಮದುವೆ ನಡೆಸಬಹುದು. ಬ್ರೆದರನ್ ಸಭೆಗಳಲ್ಲಿ ಯಾರಾದರೂ ಒಬ್ಬ ಹಿರಿಯ ಈ ಪರವಾನಗಿ ಪಡೆದಿರುತ್ತಾನೆ. ಅವನಿಲ್ಲದ ಊರಿಗೆ ಬೇರೆ ಊರಿಂದ ಕರೆಸುತ್ತಾರೆ. ಬೆಳಗ್ಗೆ ಆರರಿಂದ ಸಂಜೆ ಏಳರ ಒಳಗೆ ವಿವಾಹ ಮುಗಿಯಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮೇ ತಿಂಗಳಲ್ಲಿ ಇಂಥ ಪರವಾನಗಿದಾರನ ಶನಿವಾರಗಳು ವರ್ಷದ ಮೊದಲೇ ಗೊತ್ತಾಗಿಬಿಟ್ಟಿರುತ್ತವೆ.

ಎಷ್ಟು ದಿನ ನಡೆದೀತು?

ಜೂನ್ ಬರುತ್ತಿದ್ದಂತೆ ಗಡಿಬಿಡಿ ಇಳಿಯುತ್ತದೆ. ಶಾಲೆ ಶುರು, ಮಳೆ ಶುರು, ಆಷಾಢದ ಪಂಢರಪುರ ಯಾತ್ರೆಗೆ ಆಳಂದಿ, ದೇಹುವಿನಿಂದ ಹೊರಟ ಪಾಲಖಿಗಳು ಪುಣೆಯ ಬೀದಿಗಳನ್ನು ತುಂಬುತ್ತವೆ. ಹಿರಿಯರು ಕೂತು ಲೆಕ್ಕ ನೋಡುತ್ತಾರೆ. ಕಾಗದ, ತಿಂಡಿಗೆ ಎಷ್ಟು ಹೋಯಿತು ಎಂಬುದಕ್ಕಿಂತ ಮುಂದಿನ ವರ್ಷಕ್ಕೆ ಯಾರಿದ್ದಾರೆ ಎಂಬ ಲೆಕ್ಕವೇ ಕಠಿಣ. ಚುರುಕಾಗಿ ಕತೆ ಹೇಳುತ್ತಿದ್ದ ಹುಡುಗಿ ನರ್ಸಿಂಗ್ ಕೆಲಸಕ್ಕೆ ವಿದೇಶಕ್ಕೆ ಹೊರಟಿದ್ದಾಳೆ, ಗಿಟಾರಿನ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಉಳಿದ ಮಕ್ಕಳನ್ನು ಕೋಚಿಂಗ್ ಕ್ಲಾಸು, ಈಜು ಶಿಬಿರ, ಮೊಬೈಲು ಎಳೆಯುತ್ತವೆ. ಹತ್ತು ದಿನದ ವಿಬಿಎಸ್ ಎಷ್ಟೋ ಕಡೆ ಐದಕ್ಕೆ, ಮೂರಕ್ಕೆ ಇಳಿದಿದೆ.

ಮೇಲಧಿಕಾರಿ ಇಲ್ಲದ ಏರ್ಪಾಡಿಗೆ ಇನ್ನೊಂದು ಮುಖವೂ ಇದೆ. ಜಗಳ ಬಂದರೆ ತೀರ್ಪು ಕೊಡಲು ಮೇಲೆ ಯಾರೂ ಇಲ್ಲ. ಪಂಥ ಹುಟ್ಟಿ ಎರಡು ದಶಕ ಆಗುವಷ್ಟರಲ್ಲೇ, 1848ರಲ್ಲಿ, ಡಾರ್ಬಿಯ ಬಿಗಿ ಬಣ ಮತ್ತು ಮುಲ್ಲರ್, ಗ್ರೋವ್ಸ್ ಅವರ ಮುಕ್ತ ಬಣ ಎಂದು ಅದು ಸೀಳಿತು. ಇಂದಿಗೂ ಸಣ್ಣ ಸಭೆಯಲ್ಲಿ ಇಬ್ಬರು ಹಿರಿಯರಿಗೆ ಹೊಂದದಿದ್ದರೆ ಆರು ತಿಂಗಳಲ್ಲಿ ಎರಡು ಸಭೆ ಆಗಿಬಿಡಬಹುದು.

ಆದರೂ ಚಂದಾ ಎತ್ತದೆ, ಸಂಬಳ ಕೊಡದೆ, ಕಚೇರಿ ಇಡದೆ ಈ ಸಭೆಗಳು ತಲೆಮಾರುಗಳನ್ನು ದಾಟಿ ಬಂದಿವೆ. ಪಾದ್ರಿ ಬೇಡ ಎಂದ ಗ್ರೋವ್ಸ್ ಮತ್ತವರ ಗೆಳೆಯರು ಪಾದ್ರಿಯ ಕೆಲಸ ಬೇಡ ಎನ್ನಲಿಲ್ಲ. ಒಬ್ಬನ ಹೆಗಲ ಮೇಲಿದ್ದುದನ್ನು ಎಲ್ಲರಿಗೂ ಹಂಚಿದರು. ಹಂಚಿಕೊಳ್ಳಲು ಹೆಗಲು ಇರುವವರೆಗೆ ಮಾತ್ರ ಅದು ನಡೆಯುವ ಏರ್ಪಾಡು. ಭಾನುವಾರದ ಹಾಜರಿ ಎಣಿಸಿದರೆ ಇಂಥ ಸಭೆಯ ಆಯುಷ್ಯ ತಿಳಿಯದು. ವಿಬಿಎಸ್‌ನಲ್ಲಿ ಚಾಪೆಯ ಮೇಲೆ ಕೂತಿದ್ದ ಮಕ್ಕಳಲ್ಲಿ ಎಷ್ಟು ಜನ ಇಂದು ಎದ್ದು ನಿಂತು ಕಲಿಸುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿ ಹುಡುಗಿಯರಿಗೆ ಭಾನುವಾರವೂ ಮಾತಿನ ಅವಕಾಶ ಸಿಕ್ಕೀತು ಎಂದು ಕೇಳಿದರೆ ತಿಳಿದೀತು.